ಛತ್ರದ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಮಾಲೀಕರು ಹೊಣೆಯೇ?

ಪರ

ಅಪ್ಪ ಬಿದ್ದದ್ದು ಮೈಸೂರಿನ ಒಂದು ಛತ್ರದಲ್ಲಿ, ಊಟ ಮುಗಿಸಿ ಕೈ ತೊಳೆದು ಬರುವಾಗ. ನೆಲಮಾಳಿಗೆಯಲ್ಲಿ ಊಟದ ಹಾಲ್, ಮೇಲೆ ಬರಲು ಕನ್ನಡಿಯಂಥ ಗ್ರಾನೈಟ್ ಮೆಟ್ಟಿಲು, ಪಕ್ಕದಲ್ಲೇ ಕೈ ತೊಳೆಯುವ ನಲ್ಲಿಗಳು. ಕಂಬಿ ಒಂದೇ ಕಡೆ. ಅದಕ್ಕೂ ಅವತ್ತು ಹೂವು ಸುತ್ತಿದ್ದರು. ಸೊಂಟದ ಮೂಳೆ ಮುರಿಯಿತು. ಮ್ಯಾನೇಜರು ಬಂದವನು ಮೊದಲು ಅಪ್ಪನ ಚಪ್ಪಲಿ ನೋಡಿದ. ‘ವಯಸ್ಸಾದೋರು ನೋಡ್ಕೊಂಡು ಇಳೀಬೇಕಲ್ವಾ ಸಾರ್’ ಅಂದ. ಅಪ್ಪ ಹತ್ತುತ್ತಿದ್ದರು.

ಛತ್ರದ ಹೊರಗೆ ಸ್ಕೂಟರ್ ಗುದ್ದಿದ್ದರೆ ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ಹಾಕುತ್ತಿದ್ದೆವು. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಯಾರ ತಪ್ಪೆಂದು ತೋರಿಸದಿದ್ದರೂ ಗಂಭೀರ ಗಾಯಕ್ಕೆ 2.5 ಲಕ್ಷ. ಹತ್ತು ಹೆಜ್ಜೆ ಒಳಗೆ ಬಿದ್ದರೆ ಸಿವಿಲ್ ದಾವೆ. ಕೇಳುವ ಪರಿಹಾರಕ್ಕೆ ತಕ್ಕ ಕೋರ್ಟ್ ಶುಲ್ಕ, ನಿರ್ಲಕ್ಷ್ಯ ಸಾಬೀತು ಮಾಡುವ ಭಾರವೂ ನಮ್ಮದೇ. ಮೆಟ್ಟಿಲ ನೀರು ಸಾಯಂಕಾಲದೊಳಗೆ ಆರಿರುತ್ತದೆ. ವಕೀಲರು ಕೇಳಿದ ಮೊದಲ ಪ್ರಶ್ನೆ, ‘ಫೋಟೊ ತೆಗೆದಿದ್ರಾ?’ ಬಿದ್ದ ಅಪ್ಪನನ್ನು ಎತ್ತುವುದು ಬಿಟ್ಟು ಫೋಟೊ!

ಜನರೇ ಜಾಗ್ರತೆಯಾಗಿರಬೇಕಂತೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು 59 ಮಂದಿ ಸತ್ತರು. ಹೊರದಾರಿಗೆ ಅಡ್ಡವಾಗಿ ಸೀಟು ಹಾಕಿಸಿದ್ದು ಪ್ರೇಕ್ಷಕರೇ? ಬಾಡಿಗೆ ಎಣಿಸಿಕೊಳ್ಳುವವರು ಮೆಟ್ಟಿಲಿಗೆ ಗೀರು ಹಾಕಿಸಲಿ, ವಿಮೆ ಮಾಡಿಸಲಿ. ಇಲ್ಲವಾದರೆ ಆಸ್ಪತ್ರೆ ಬಿಲ್ಲು ಕಟ್ಟಲಿ.

ವಿರೋಧ

ವಿರೋಧವಾಗಿ ಬರೆಯಿರಿ ಎಂದರು. ಮನೆ ಬಾಡಿಗೆಗೆ ಕೊಟ್ಟವನು ನಾನೊಬ್ಬನೇ ಸಿಕ್ಕಿದೆನೇನೋ.

ಮಂಡ್ಯದಲ್ಲಿ ನಮ್ಮದು ನಾಲ್ಕು ಮನೆಯ ವಠಾರ, ಹಿತ್ತಲಲ್ಲಿ ಎರಡು ತೆಂಗಿನ ಮರ. ಕೆಳಗೆ ಗಾಡಿ ನಿಲ್ಲಿಸಬೇಡಿ ಎಂದು ಹೇಳಿ ಹೇಳಿ ಸಾಕಾಗಿದೆ. ಹೋದ ವರ್ಷ ಬಾಡಿಗೆಯವರೊಬ್ಬರ ಬೈಕಿನ ಟ್ಯಾಂಕಿನ ಮೇಲೆ ಕಾಯಿ ಬಿತ್ತು. ‘ಮರ ನಿಮ್ದಲ್ವಾ ಓನರ್ರೇ’ ಎಂದು ಗ್ಯಾರೇಜಿನ ಚೀಟಿ ತಂದರು. ಬಿದ್ದ ಕಾಯನ್ನು ಮಾತ್ರ ಅವರೇ ಚಟ್ನಿಗೆ ಒಡೆದುಕೊಂಡರು. ಪರ ಬರೆದವರ ಮಾತು ನಡೆದರೆ ನಾಳೆ ಕಾಗೆ ಕೂತು ಕೊಂಬೆ ಮುರಿದರೂ ನಾನೇ ಹೊಣೆ.

ಇರುವ ಕಾನೂನು ಸಾಲದೇ? ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಗಂಭೀರ ಗಾಯಕ್ಕೆ ಮೂರು ವರ್ಷದವರೆಗೆ ಜೈಲುಂಟು. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರಲ್ಲ, ಅದು ಪಾಲಿಕೆಯದು. ಮೊದಲು ಅಲ್ಲಿಂದ ಶುರುಮಾಡಲಿ. ವಿಮೆಯ ಕಂತು ಕೊನೆಗೆ ಸೇರುವುದು ಬಾಡಿಗೆಗೇ.

ಛತ್ರದ ವಿಷಯ ಬೇರೆ ಇರಬಹುದು. ನಮ್ಮ ವಠಾರದ ಮೆಟ್ಟಿಲಿಗೆ ಈ ಯುಗಾದಿಗೆ ಕಂಬಿ ಹಾಕಿಸಿದೆ, ಅದೂ ನನ್ನ ಹೆಂಡತಿ ಜಾರಿದ ಮೇಲೆ.