ಕಟ್ಟಡಕ್ಕೆ ದಾನಿಗಳಿದ್ದಾರೆ, ಸಂಬಳಕ್ಕೆ ಯಾರಿದ್ದಾರೆ?

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮನೆ ಕೊಂಡ ಮೇಲೆ ಬಂದ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಒಂದು ಸಾಲು ನೋಡಿ ನನಗೆ ಖುಷಿಯಾಯಿತು. ನಗರಕ್ಕೆ ಇಷ್ಟು, ಶಾಲೆಗೆ ಇಷ್ಟು ಅಂತ ಬರೆದು, ಲೈಬ್ರರಿಗೆ ಇಷ್ಟು ಅಂತ ಬೇರೆಯೇ ತೋರಿಸಿದ್ದರು. ದೊಡ್ಡ ಮೊತ್ತವೇನಲ್ಲ. ಒಂದು ಲಕ್ಷ ಡಾಲರ್ ಬೆಲೆ ಕಟ್ಟಿದ ಮನೆಗೆ ವರ್ಷಕ್ಕೆ 25 ಡಾಲರ್. ವಿಚಾರಿಸಿದಾಗ ಗೊತ್ತಾಯಿತು, 2011ರಲ್ಲಿ ಊರಿನ ಜನ ವೋಟು ಹಾಕಿ ತಮ್ಮ ಮೇಲೆ ತಾವೇ ಹೊರಿಸಿಕೊಂಡ ತೆರಿಗೆ ಇದು. ನಮ್ಮ ಲೈಬ್ರರಿ ಮುಚ್ಚಬಾರದು, ಅದಕ್ಕೆ ನಾವೇ ಕೊಡುತ್ತೇವೆ ಅಂತ.

ಅದೇ ವಾರ ನಮ್ಮೂರ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಶಾಲೆಯ ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಬ್ಯಾಟರಿ ಹೋಗಿವೆ, ಹೊರದೇಶದಲ್ಲಿ ಇರೋರು ಸ್ವಲ್ಪ ಹಣ ಕೂಡಿಸಿ ಕೊಡಿ ಅಂತ. ಆ ಲ್ಯಾಬ್ ಕೊಟ್ಟವರು ನಮ್ಮ ತಾಲ್ಲೂಕಿನಿಂದ ಹೋಗಿ ಬೆಂಗಳೂರಿನಲ್ಲಿ ದೊಡ್ಡ ಉದ್ಯಮ ಕಟ್ಟಿದವರು. ಒಳ್ಳೆಯ ಮನುಷ್ಯ. ಕಷ್ಟಪಟ್ಟು ಮೇಲೆ ಬಂದವರು, ಊರನ್ನು ಮರೆತಿಲ್ಲ. ಕೋಣೆ ಕಟ್ಟಿಸಿದರು, ಟೈಲ್ಸ್ ಹಾಕಿಸಿದರು, ಕಂಪ್ಯೂಟರ್ ತರಿಸಿದರು. ಉದ್ಘಾಟನೆಗೆ ಮಂತ್ರಿಗಳು ಬಂದರು, ಊಟ ಆಯಿತು, ಸನ್ಮಾನ ಆಯಿತು.

ಹಿಂದಿನ ಸಲ ಊರಿಗೆ ಹೋದಾಗ ಆ ಲ್ಯಾಬ್ ನೋಡಿ ಬಂದಿದ್ದೆ. ಬಾಗಿಲಿಗೆ ಬೀಗ. ಬೀಗದ ಕೈ ಹುಡುಕೋಕೇ ಸುಮಾರು ಹೊತ್ತು ಹಿಡಿಯಿತು. ಒಳಗೆ ಮಾನಿಟರುಗಳ ಮೇಲೆ ಹಸಿರು ಬಟ್ಟೆಯ ಕವರ್, ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒಂದೆರಡು ಕೀಬೋರ್ಡಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಹೆಡ್‌ಮಾಸ್ಟರು ನನ್ನ ಮುಖ ನೋಡಿ ಹೇಳಿದರು: "ಸರ್, ಇನ್ನೂ ಹತ್ತು ಕಂಪ್ಯೂಟರ್ ಬೇಕು ಅಂದ್ರೆ ಕೊಡೋರು ಇದ್ದಾರೆ. ಬ್ಯಾಟರಿ ಬದಲಾಯಿಸೋಕೆ, ಕಲಿಸೋಕೆ ಒಬ್ಬರನ್ನ ಇಟ್ಕೊಳ್ಳೋಕೆ ಅಂದ್ರೆ ಯಾರೂ ಮಾತೇ ಆಡಲ್ಲ."

ಅವರ ಮಾತು ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಉದ್ಯಮಿಗಳಿಗೆ ಕೊಡುವ ಮನಸ್ಸು ಇಲ್ಲ ಅಂತ ನಾನು ಯಾವತ್ತೂ ಹೇಳಲ್ಲ. ಧಾರಾಳವಾಗಿ ಕೊಡುತ್ತಾರೆ. ಆದರೆ ಕೊಟ್ಟ ಮಾರನೇ ದಿನ ಬೆಳಗ್ಗೆ ಆ ಬಾಗಿಲು ತೆಗೆಯೋರು ಯಾರು, ಕರೆಂಟ್ ಬಿಲ್ಲು ಕಟ್ಟೋರು ಯಾರು ಅನ್ನೋದನ್ನ ಕೇಳುವವರು ಕಡಿಮೆ.

ಇಲ್ಲಿಯ ಲೈಬ್ರರಿಯೂ ಒಬ್ಬ ಉದ್ಯಮಿ ಕೊಟ್ಟಿದ್ದೇ. ಆಂಡ್ರೂ ಕಾರ್ನೆಗಿ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ. 1848ರಲ್ಲಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು, ಹತ್ತಿ ಗಿರಣಿಯಲ್ಲಿ ಕೂಲಿ ಹುಡುಗನಾಗಿ ದುಡಿದು, ಮುಂದೆ ಉಕ್ಕಿನ ಕಾರ್ಖಾನೆಗಳ ಒಡೆಯನಾದ. 1901ರಲ್ಲಿ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿದ. ಹಣ ಮಾಡಿದವನು ಬದುಕಿರುವಾಗಲೇ ಅದನ್ನು ಜನರ ಉಪಯೋಗಕ್ಕೆ ಖರ್ಚು ಮಾಡಬೇಕು ಅಂತ 1889ರಲ್ಲೇ ಬರೆದಿದ್ದ. ಬರೆದಂತೆ ನಡೆದ. ಬೇರೆ ಬೇರೆ ದೇಶಗಳಲ್ಲಿ 2,500ಕ್ಕೂ ಜಾಸ್ತಿ ಲೈಬ್ರರಿಗಳಿಗೆ ಹಣ ಕೊಟ್ಟ.

ಕೊಟ್ಟ ರೀತಿ ಹೇಗಿತ್ತು ಅಂದರೆ, ಮೊದಲು ಊರಿನವರು ಅರ್ಜಿ ಹಾಕಬೇಕು. ಜಾಗ ಊರಿನದ್ದೇ ಆಗಬೇಕು. ಕಟ್ಟಡಕ್ಕೆ ಎಷ್ಟು ಕೊಡುತ್ತಾನೋ ಅದರ ಹತ್ತನೇ ಒಂದು ಭಾಗವನ್ನು ಊರು ಪ್ರತಿ ವರ್ಷ ತನ್ನ ತೆರಿಗೆ ಹಣದಿಂದ ಲೈಬ್ರರಿ ನಡೆಸೋಕೆ ಇಡಬೇಕು. ಹತ್ತು ಸಾವಿರ ಡಾಲರ್ ಬೇಕು ಅಂದರೆ, ವರ್ಷಕ್ಕೆ ಸಾವಿರ ಡಾಲರ್ ನಮ್ಮದು ಅಂತ ಮೊದಲೇ ಒಪ್ಪಬೇಕು. ಒಪ್ಪದ ಊರುಗಳಿಗೆ ಹಣ ಇಲ್ಲ. ಪಿಟ್ಸ್‌ಬರ್ಗಿಗೇ 1881ರಲ್ಲಿ ಕೊಡುತ್ತೇನೆ ಅಂದಿದ್ದ. ತೆರಿಗೆ ಹಣದಲ್ಲಿ ಲೈಬ್ರರಿ ನಡೆಸುವ ಅಧಿಕಾರ ತಮಗಿಲ್ಲ ಅಂತ ಆಗ ನಗರದವರು ಕೈ ಚೆಲ್ಲಿದರು. ಕಾನೂನು ಬದಲಾಗಿ, ಮಾತುಕತೆ ಮತ್ತೆ ನಡೆದು, ದೊಡ್ಡ ಲೈಬ್ರರಿಯ ಬಾಗಿಲು ತೆರೆದದ್ದು 1895ರಲ್ಲಿ. ಅಷ್ಟು ವರ್ಷ ಕಾದ, ಆದರೆ ಷರತ್ತು ಬಿಡಲಿಲ್ಲ. ನನಗೆ ಅವನ ಹಣಕ್ಕಿಂತ ಈ ಹಠ ದೊಡ್ಡದು ಅನಿಸುತ್ತದೆ.

ಈಗ ಆ ಲೈಬ್ರರಿಗೆ ಹೋದರೆ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ, ಇದು ಜನರಿಗೆ ಉಚಿತ ಅಂತ. ಮಕ್ಕಳ ವಿಭಾಗದಲ್ಲಿ ಒಬ್ಬ ಹೆಂಗಸು ಕೂತಿರುತ್ತಾರೆ. ನನ್ನ ಮಗಳು ಪುಸ್ತಕ ವಾಪಸ್ ಕೊಡುವಾಗ ಇದರಲ್ಲಿ ನಿನಗೆ ಯಾರು ಇಷ್ಟವಾದರು ಅಂತ ಕೇಳುತ್ತಾರೆ. ಮಗಳು ಏನೋ ಹೇಳುತ್ತಾಳೆ. ಅವರು ಎದ್ದು ಹೋಗಿ, ಕಪಾಟಿನ ಕೆಳಗಿನ ಸಾಲಿನ ಮುಂದೆ ಮಂಡಿಯೂರಿ ಕೂತು, ಮೂರು ಪುಸ್ತಕ ತೆಗೆದು ಕೊಡುತ್ತಾರೆ. ಮಗಳು ಅಲ್ಲೇ ನೆಲದ ಮೇಲೆ ಕೂತು ಓದೋಕೆ ಶುರು ಮಾಡುತ್ತಾಳೆ. ಆ ಹೆಂಗಸಿಗೆ ಸಂಬಳ ಬರುತ್ತದೆ. ಅವರು ರಿಟೈರಾದರೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ. ಕಾರ್ನೆಗಿ 1919ರಲ್ಲೇ ತೀರಿಹೋದ.

ಹಾಗಂತ ಇದನ್ನು ನಮಗೆ ಅಮೆರಿಕದವರು ಬಂದು ಕಲಿಸಬೇಕಾಗಿಲ್ಲ. ನಮ್ಮ ಶಾಸನಗಳನ್ನು ಓದಿ ನೋಡಿ. ಗುಡಿ ಕಟ್ಟಿಸಿದೆ ಅಂತ ಬರೆದು ಅಲ್ಲಿಗೇ ನಿಲ್ಲಿಸುವುದಿಲ್ಲ. ನಂದಾದೀವಿಗೆಯ ಎಣ್ಣೆಗೆ ಇಷ್ಟು, ಓದುವ ಮಕ್ಕಳ ಊಟಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದು ಬಿರಿದದ್ದನ್ನು ದುರಸ್ತಿ ಮಾಡೋಕೆ, ಇಷ್ಟು ಅಂತ ಗದ್ದೆ ತೋಟದ ಎಲ್ಲೆ ಸಮೇತ ಬರೆಸಿದ್ದಾರೆ. ಗೋಡೆ ಬಿರುಕು ಬಿಡುತ್ತದೆ ಅನ್ನೋದು ಕಟ್ಟಿಸುವಾಗಲೇ ಅವರ ಲೆಕ್ಕದಲ್ಲಿತ್ತು. ಕೊನೆಗೆ, ದಾನ ಕೆಡಿಸಿದವರಿಗೆ ಶಾಪ ಹಾಕುವ ಶಾಪಾಶಯದ ಸಾಲುಗಳಲ್ಲಿ ಇನ್ನೊಂದು ಮಾತಿದೆ. ತಾನು ಕೊಡೋದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡೋದರಲ್ಲಿ ಎರಡು ಪಟ್ಟು ಪುಣ್ಯ ಅಂತ. ಎಂಥ ತಿಳಿವಳಿಕೆಯ ಮಾತು! ಹೊಸ ಕಟ್ಟಡ ಕೊಡುವ ಬದಲು ಹತ್ತು ವರ್ಷದ ಹಿಂದೆ ಇನ್ಯಾರೋ ಕೊಟ್ಟ ಕಟ್ಟಡವನ್ನು ನಡೆಸಿಕೊಂಡು ಹೋಗುತ್ತೇನೆ ಅನ್ನುವ ಉದ್ಯಮಿ ಇವತ್ತು ಎಷ್ಟು ಜನ ಸಿಗುತ್ತಾರೆ?

ನಮ್ಮ ತುಮಕೂರು ಕಡೆಯವರೇ ಆದ ಗುಬ್ಬಿ ತೋಟದಪ್ಪನವರನ್ನೇ ತೆಗೆದುಕೊಳ್ಳಿ. ವ್ಯಾಪಾರದಲ್ಲಿ ದುಡಿದು, ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದರು. 1903ರಲ್ಲಿ ಅದು ಶುರುವಾಯಿತು. ಅವರು ಬರೀ ಛತ್ರ ಬಿಟ್ಟು ಹೋಗಲಿಲ್ಲ, ಅದನ್ನು ನೋಡಿಕೊಳ್ಳೋಕೆ ಟ್ರಸ್ಟ್ ಮಾಡಿ ಆಸ್ತಿ ಬಿಟ್ಟು ಹೋದರು. ಹಳ್ಳಿಯಿಂದ ಓದೋಕೆ ಬಂದ ಎಷ್ಟು ಹುಡುಗರು ಅಲ್ಲಿ ಇದ್ದು ಮುಂದೆ ಬಂದರು ಅನ್ನೋದಕ್ಕೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಕಥೆ ಸಿಗುತ್ತದೆ.

ಹಾಗಾದರೆ ಈಗ ಏನಾಗಿದೆ? ಒಂದು ಕಾರಣ ಮಾರ್ಚ್ ತಿಂಗಳು. 2014ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಕಾನೂನು ಬಂತು. ಒಳ್ಳೆಯ ಕಾನೂನೇ. ಆದರೆ ವರ್ಷದ ಕೊನೆಗೆ ಲೆಕ್ಕ ತೋರಿಸಬೇಕು. ಬೆಂಚು, ನೀರಿನ ಫಿಲ್ಟರ್, ಕಂಪ್ಯೂಟರ್ ಕೊಂಡರೆ ಒಂದೇ ಬಿಲ್ಲು, ಒಂದೇ ಫೋಟೋ, ಕೆಲಸ ಮುಗಿಯಿತು. ಒಬ್ಬ ಮೇಷ್ಟ್ರ ಸಂಬಳ ಅಂದರೆ ತಿಂಗಳು ತಿಂಗಳೂ, ವರ್ಷ ವರ್ಷವೂ. ಅದಕ್ಕೆ ಉದ್ಘಾಟನೆ ಇಲ್ಲ, ಟೇಪು ಕತ್ತರಿಸೋಕೆ ಆಗಲ್ಲ. ಕಂಪನಿ ಬಿಟ್ಟು ಸ್ವಂತ ಹಣದಿಂದ ಕೊಡುವವರೂ ಇದೇ ಚಾಳಿಗೆ ಬಿದ್ದಿದ್ದಾರೆ. ವ್ಯಾಪಾರದಲ್ಲಿ ಇವರು ಎಷ್ಟು ಜಾಣರು! ಒಂದು ಮೆಷಿನ್ ತರುವ ಮೊದಲು ಅದರ ಸರ್ವಿಸ್ ಯಾರು ಮಾಡುತ್ತಾರೆ, ಸ್ಪೇರ್ ಎಲ್ಲಿ ಸಿಗುತ್ತದೆ ಅಂತ ಹತ್ತು ಸಲ ಕೇಳುತ್ತಾರೆ. ದಾನ ಕೊಡುವಾಗ ಮಾತ್ರ ಆ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಾರೆ.

ಜನರನ್ನೂ ಪಾಲುದಾರರನ್ನಾಗಿ ಮಾಡಬೇಕು ಅನ್ನೋದು ಇನ್ನೊಂದು ವಿಷಯ. ಸಿಯರ್ಸ್ ಅನ್ನುವ ದೊಡ್ಡ ಅಂಗಡಿ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸನ್‌ವಾಲ್ಡ್ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಹತ್ತಿರ ಹತ್ತಿರ 5,000 ಶಾಲೆ ಆಗೋಕೆ ಕಾರಣನಾದ. ಪೂರ್ತಿ ಹಣ ಅವನದಲ್ಲ. ಸರ್ಕಾರ ಒಂದಿಷ್ಟು ಹಾಕಬೇಕು, ಊರಿನವರೂ ಹಾಕಬೇಕು. ಹತ್ತಿ ಹೊಲದಲ್ಲಿ ಗೇಯುತ್ತಿದ್ದ ಜನ ಚಿಲ್ಲರೆ ಕೂಡಿಸಿ, ಮರ ಕೊಟ್ಟು, ಮೈ ಬಗ್ಗಿಸಿ ದುಡಿದು ಶಾಲೆ ಎಬ್ಬಿಸಿದರು. ತಮ್ಮ ಬೆವರು ಬಿದ್ದ ಶಾಲೆಯನ್ನು ಯಾರು ತಾನೇ ಬೀಗ ಹಾಕಿ ಬಿಡುತ್ತಾರೆ?

ಇಷ್ಟು ಹೇಳಿದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು. ಕಾರ್ನೆಗಿಯ ಹಣ ಬಂದದ್ದು ದಿನಕ್ಕೆ ಹನ್ನೆರಡು ಗಂಟೆ ದುಡಿಸಿಕೊಳ್ಳುತ್ತಿದ್ದ ಕಾರ್ಖಾನೆಗಳಿಂದ. 1892ರಲ್ಲಿ ಹೋಮ್‌ಸ್ಟೆಡ್ಡಿನ ಅವನ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಕಂಪನಿಯವರು ಖಾಸಗಿ ಬಂದೂಕುದಾರರನ್ನು ಕಳಿಸಿದರು, ಎರಡೂ ಕಡೆ ಜನ ಸತ್ತರು. ಕೆಲವೇ ವರ್ಷಗಳಲ್ಲಿ ಅಲ್ಲಿಗೂ ಒಂದು ಲೈಬ್ರರಿ ಬಂತು. ಇಷ್ಟು ದುಡಿದು ಸುಸ್ತಾದವನು ಯಾವಾಗ ಓದಲಿ ಅಂತ ಕಾರ್ಮಿಕರು ಕೇಳಿದ್ದರಲ್ಲಿ ನ್ಯಾಯವಿದೆ. ಷರತ್ತು ಹಾಕುವ ದಾನಿಯನ್ನು ಹೊಗಳುವಾಗ ನಾನು ಇದನ್ನು ಮರೆಯೋಕೆ ಆಗಲ್ಲ.

ನಮ್ಮಲ್ಲೂ ಎಲ್ಲರೂ ಫಲಕ ಹಾಕಿ ಹೋಗುವವರಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಷನ್ 2001ರಿಂದ ಇದೆ. ಯಾದಗಿರಿ, ಕಲಬುರಗಿಯಂಥ ಕಡೆ ಅದರ ಜನ ವರ್ಷಗಟ್ಟಲೆ ಇದ್ದು ಸರ್ಕಾರಿ ಶಾಲೆಯ ಮೇಷ್ಟ್ರುಗಳ ಜೊತೆ ಕೆಲಸ ಮಾಡುತ್ತಾರೆ. 2024ರಲ್ಲಿ ಮಕ್ಕಳ ಮೊಟ್ಟೆಗೆ ಸರ್ಕಾರದ ಜೊತೆ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಯ ಒಪ್ಪಂದವಾಯಿತು. ವಾರದಲ್ಲಿ ಆರು ದಿನ ಮೊಟ್ಟೆ. ಸರ್ಕಾರದ ಹಣದ ಪಕ್ಕದಲ್ಲಿ ತನ್ನ ಹಣ ಇಟ್ಟು, ದಿನಾ ನಡೆಯುವ ಕೆಲಸಕ್ಕೆ ಕೊಟ್ಟಿದ್ದಾರೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಿಟ್ಸ್‌ಬರ್ಗಿನಲ್ಲೂ ಸಿಗಲ್ಲ.

ನಮ್ಮೂರ ದಾನಿಗಳ ಕಡೆಯೂ ಒಂದು ಮಾತಿದೆ. ಸಂಬಳ ಕೊಡೋದು ಸರ್ಕಾರದ ಕೆಲಸ, ನಾನು ಕೊಡೋಕೆ ಶುರು ಮಾಡಿದರೆ ಅವರು ಕೈ ತೊಳೆದುಕೊಳ್ಳುತ್ತಾರೆ ಅಂತಾರೆ. ತಪ್ಪು ಅಂತ ಹೇಳೋಕೆ ಬಾಯಿ ಬರಲ್ಲ. ಪಂಚಾಯಿತಿಯ ಹತ್ತಿರ ಹಣ ಎಲ್ಲಿದೆ, ವರ್ಷಕ್ಕೆ ಹತ್ತನೇ ಒಂದು ಭಾಗ ಇಡಿ ಅಂತ ಕೇಳೋಕೆ?

ಆದರೆ ಪಟ್ಟಣಗಳ ವಿಷಯ ಬೇರೆ. ಲೈಬ್ರರಿಗೆ ತೆರಿಗೆ ಅನ್ನೋದು ನಮಗೆ ಹೊಸದೇನಲ್ಲ. 1965ರ ಗ್ರಂಥಾಲಯ ಕಾಯ್ದೆಯಲ್ಲೇ ಅದಿದೆ. ಈಗ ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ಅಂತ ಜನರಿಂದ ವಸೂಲಿ ಮಾಡುತ್ತಾರೆ. ಅಂದರೆ ಬೆಂಗಳೂರಿನ ನನ್ನ ಅಣ್ಣ ಕೂಡ ಕಟ್ಟುತ್ತಾನೆ. ವಸೂಲಾದ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿ ಹೋಗದೆ ಪಾಲಿಕೆಯಲ್ಲೇ ಬಾಕಿ ಉಳಿಯುತ್ತದೆ ಅನ್ನೋದು ಪೇಪರಿನಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ನನ್ನಂಥವನು ಕೇಳಿದರೆ ಅರ್ಜಿ ತೆಗೆದುಕೊಂಡು ಸೀಲು ಹಾಕಿ ಕಳಿಸುತ್ತಾರೆ. ಕೋಟಿಗಟ್ಟಲೆ ಕೊಡೋಕೆ ಬಂದ ಉದ್ಯಮಿ ಕೇಳಿದರೆ ಕಮಿಷನರ್ ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ. ಬಾಕಿ ಕರ ಮೊದಲು ಇಲಾಖೆಗೆ ಕಟ್ಟಿ, ಲೈಬ್ರೇರಿಯನ್ ಹುದ್ದೆ ತುಂಬಿ, ಆಮೇಲೆ ನನ್ನ ಚೆಕ್ಕು ಅಂತ ಅವರಲ್ಲಿ ಒಬ್ಬರಾದರೂ ಹೇಳಲಿ. ಅದಕ್ಕೆ ಎರಡು ವರ್ಷ ಹಿಡಿದರೂ ಹಿಡಿಯಲಿ, ಐದು ವರ್ಷ ಆದರೂ ಆಗಲಿ.