ಗಿಳಿ ಕಚ್ಚಿತೋ, ಬಡಿಯಿತೋ?

ಅಮೆರಿಕದ ಆಸ್ಪತ್ರೆಗಳಲ್ಲಿ ಕಾಯಿಲೆ ವಾಸಿಯಾದರೆ ಸಾಲದು, ಅದಕ್ಕೆ ಸರಿಯಾದ ಕೋಡ್ ಕೂಡ ಬೀಳಬೇಕು. ಕೋಡ್ ತಪ್ಪಿದರೆ ವಿಮಾ ಕಂಪನಿ ಬಿಲ್ಲನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಕಾಯಿಲೆಗಳ ಅಂತಾರಾಷ್ಟ್ರೀಯ ಕೋಡುಪಟ್ಟಿ ಐಸಿಡಿಯ ಒಂಬತ್ತನೇ ಆವೃತ್ತಿ ಐಸಿಡಿ-9 ಹೋಗಿ ಹತ್ತನೆಯದು ಐಸಿಡಿ-10 ಬರುತ್ತದೆ ಅಂದಾಗ ಡಾಕ್ಟರು, ನರ್ಸು, ಬಿಲ್ಲಿಂಗ್ ಗುಮಾಸ್ತರೆಲ್ಲ ಮತ್ತೆ ಅಕ್ಷರಾಭ್ಯಾಸಕ್ಕೆ ಕೂತರು. ಸುಮಾರು 14,000 ಇದ್ದ ಕಾಯಿಲೆಯ ಕೋಡುಗಳು 68,000 ದಾಟಿದ್ದವು. ರಾತ್ರೋರಾತ್ರಿ ಅಷ್ಟೊಂದು ಹೊಸ ರೋಗ ಬಂತಾ ಅಂತ ಗಾಬರಿಯಾಗಬೇಡಿ. ಎಡಗೈ ಮುರಿದರೆ ಒಂದು, ಬಲಗೈ ಮುರಿದರೆ ಇನ್ನೊಂದು, ಅಷ್ಟೇ.

ಅಷ್ಟೇ ಆಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಆದರೆ ಅಲ್ಲಿ ಗಿಳಿ ಇದೆ. ಗಿಳಿ ಕಚ್ಚಿದರೆ ಡಬ್ಲ್ಯು61.01. ಬಂದು ಬಡಿದರೆ ಡಬ್ಲ್ಯು61.02. ಅದು ಬರೀ ಗಿಳಿಯಲ್ಲ, ಉದ್ದ ಬಾಲದ ದೊಡ್ಡ ಗಿಳಿ ಮಕಾವ್ ಅಂತಾದರೆ ಬೇರೆ ಕೋಡು. ಬಾತುಕೋಳಿಗೆ ಇನ್ನೊಂದು ಸಾಲು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ರಕ್ತ ಸೋರಿಸಿಕೊಂಡು ಬಂದವನನ್ನು ನರ್ಸಮ್ಮ ಕೂರಿಸಿ, "ಸ್ವಲ್ಪ ನೆನಪು ಮಾಡ್ಕೊಳ್ಳಿ, ಬಾಲ ಎಷ್ಟು ಉದ್ದ ಇತ್ತು?" ಅಂತ ಕೇಳಬೇಕು. ಜೆಟ್ ಎಂಜಿನ್ ಒಳಗೆ ಸೆಳೆದುಕೊಂಡವನಿಗೂ ಕೋಡಿದೆ. ಅವನು ಮುಂದಿನ ಸಲ ತೋರಿಸಿಕೊಳ್ಳೋಕೆ ಬಂದರೆ ಅದಕ್ಕೂ ಪ್ರತ್ಯೇಕ ಕೋಡಿದೆ. ಎಂಥ ಭರವಸೆ ನೋಡಿ! ಇನ್ನೂ ಮಜಾ ಅಂದರೆ, ಏಟು ಹೇಗೆ ಬಿತ್ತು ಅನ್ನುವ ಈ ಕೋಡುಗಳನ್ನು ಹಾಕಲೇಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯವೇ ಇಲ್ಲ.

ಇಷ್ಟೆಲ್ಲ ಕಲಿಯೋದು ಯಾವಾಗಿನ ಒಳಗೆ? 2009ರಲ್ಲಿ ಸರ್ಕಾರ 2013ರ ಅಕ್ಟೋಬರ್ 1 ಅಂತ ಗಡುವು ಕೊಟ್ಟಿತು. ಆಮೇಲೆ 2014 ಅಂದಿತು. ತರಬೇತಿ ಜೋರಾಗಿ ನಡೆಯುತ್ತಿದ್ದಾಗ ಸಂಸತ್ತು ಡಾಕ್ಟರುಗಳ ಸಂಭಾವನೆಗೆ ಸಂಬಂಧಿಸಿದ ಮಸೂದೆಯೊಂದರಲ್ಲಿ ಒಂದು ಸಾಲು ತೂರಿಸಿ ಅದನ್ನು 2015ಕ್ಕೆ ತಳ್ಳಿತು. ಕಲಿತದ್ದು ಮರೆಯೋಕೆ ಒಂದು ವರ್ಷ ಧಾರಾಳ ಅಲ್ವಾ? ಮರೆತ ಮೇಲೆ ಮತ್ತೆ ತರಬೇತಿ. ಈ ಇಡೀ ಪ್ರಕರಣದಲ್ಲಿ ನಿಜವಾಗಿ ಆರೋಗ್ಯವಾಗಿದ್ದದ್ದು ತರಬೇತಿ ಕೊಡುವವರ ವ್ಯಾಪಾರ ಮಾತ್ರ.

ಕೊನೆಗೂ ಗಡುವಿಗೆ ಸುಮಾರು ಮೂರು ತಿಂಗಳಿದೆ ಅನ್ನುವಾಗ ಇನ್ನೊಂದು ಪ್ರಕಟಣೆ ಬಂತು. ಮೊದಲ ಒಂದು ವರ್ಷ, ಕೋಡು ಅಷ್ಟು ನಿಖರವಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಡಾಕ್ಟರುಗಳ ಬಿಲ್ ತಿರಸ್ಕರಿಸುವುದಿಲ್ಲ, ಕೋಡು ಸರಿಯಾದ ಕುಟುಂಬದ್ದಾಗಿದ್ದರೆ, ಅಂದರೆ ಅದೇ ಬಗೆಯ ಕಾಯಿಲೆಗಳ ಗುಂಪಿನದ್ದಾಗಿದ್ದರೆ ಸಾಕು ಅಂತ! ವರ್ಷಗಟ್ಟಲೆ ಎಡ, ಬಲ, ಕೊಕ್ಕು, ಬಾಲ ಅಂತ ಬಾಯಿಪಾಠ ಮಾಡಿದವರಿಗೆ ಸಂಬಂಧ ಕುದುರಿಸುವವರ ಹಾಗೆ "ಹುಡುಗ ಹೇಗಾದರೂ ಇರಲಿ, ಮನೆತನ ಒಳ್ಳೇದು" ಅಂದುಬಿಟ್ಟರು.

ಅಂದ ಹಾಗೆ, ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ-10ಕ್ಕೆ ಒಪ್ಪಿಗೆ ಕೊಟ್ಟದ್ದು 1990ರಲ್ಲಿ. ಅಮೆರಿಕ ಅದನ್ನು ತಲುಪೋಕೆ 25 ವರ್ಷ ಹಿಡಿಯಿತು. ಈಗ ಐಸಿಡಿ-11 ಬಂದಿದೆ, 2022ರ ಜನವರಿ 1ರಿಂದ ಜಾರಿಯಲ್ಲೂ ಇದೆ. ಅಮೆರಿಕ ಹಳೇ ವೇಗದಲ್ಲೇ ಹೊರಟರೆ, ಆ ತರಬೇತಿಗೆ ಕೂರಬೇಕಾದ ನರ್ಸುಗಳಲ್ಲಿ ಎಷ್ಟೋ ಜನರಿಗೆ ಇನ್ನೂ ಹಾಲುಹಲ್ಲೇ ಉದುರಿಲ್ಲ.