ಅರೆಮಂಡಿಗೆ ವಿನಾಯಿತಿ, ಉರುಳಾಟಕ್ಕೆ ತೆರಿಗೆ

ಪತ್ರಿಕೆಗಳಲ್ಲಿ ನೃತ್ಯ ವಿಮರ್ಶೆಗೆ ಜಾಗವೇ ಉಳಿದಿಲ್ಲ ಎಂದು ಕೊರಗುವ ಕಲಾಭಿಮಾನಿಗಳು ತೆರಿಗೆ ಇಲಾಖೆಯ ಅಧಿಸೂಚನೆಗಳನ್ನು ಓದುವ ಅಭ್ಯಾಸ ಇಟ್ಟುಕೊಂಡಂತೆ ಕಾಣುವುದಿಲ್ಲ. 2017ರ ಜೂನ್ ತಿಂಗಳಲ್ಲಿ ಹೊರಬಿದ್ದ ಜಿಎಸ್‌ಟಿ ವಿನಾಯಿತಿ ಪಟ್ಟಿಯ 78ನೇ ನಮೂದು, ವಿದ್ವಾಂಸರು ದಶಕಗಟ್ಟಲೆ ಜಗಳವಾಡಿಯೂ ಇತ್ಯರ್ಥಪಡಿಸಲಾರದ ಪ್ರಶ್ನೆಯೊಂದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಕಲಾವಿದರು ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕವನ್ನು ಪ್ರದರ್ಶಿಸಿ ಒಂದೂವರೆ ಲಕ್ಷ ರೂಪಾಯಿ ಮೀರದಂತೆ ಸಂಭಾವನೆ ಪಡೆದರೆ ಅದಕ್ಕೆ ತೆರಿಗೆ ಇಲ್ಲ. ಈ ಎರಡೂ ಅಲ್ಲದ್ದನ್ನು ಪ್ರದರ್ಶಿಸಿದರೆ ಶೇ. 18. ಶಾಸ್ತ್ರೀಯ ಯಾವುದು, ಜಾನಪದ ಯಾವುದು ಎಂದು ಆ ಅಧಿಸೂಚನೆ ಎಲ್ಲಿಯೂ ವಿವರಿಸುವುದಿಲ್ಲ. ಅಷ್ಟೂ ತಿಳಿಯದವರು ತೆರಿಗೆ ಅಧಿಕಾರಿಯಾದರೂ ಹೇಗಾದಾರು ಎಂಬ ನಂಬಿಕೆ ಅದರ ಹಿಂದೆ ಇರಬೇಕು.

ಈ ಎರಡೂ ಪಂಗಡಕ್ಕೆ ಸೇರದ ಸಮಕಾಲೀನ ನೃತ್ಯ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಟ್ಟಕ್ಕಳರಿ ಸಂಸ್ಥೆ 1992ರಲ್ಲಿ, ಮಧು ನಟರಾಜ್ ಅವರ ಸ್ಟೆಮ್ ತಂಡ 1995ರಲ್ಲಿ, ನೃತರುತ್ಯ 2000ದಲ್ಲಿ ಆರಂಭವಾದವು. ಇಂಥ ಕಡೆ ಪಳಗಿದವರು ಆಮೇಲೆ ತಮ್ಮದೇ ಪುಟ್ಟ ತಂಡ ಕಟ್ಟಿಕೊಳ್ಳುವುದುಂಟು. ಅಂಥದ್ದೊಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಅದು ನೃತ್ಯ ಸಂಯೋಜಕಿಯ ಹೆಸರಿನಲ್ಲೇ ಇದೆ. ಆಕೆಯೂ ಸೇರಿ ಏಳು ಜನ. ಬೆಳಗಿನ ಆರು ಗಂಟೆಗೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಜುಂಬಾ ಹೇಳಿಕೊಟ್ಟು, ಮಧ್ಯಾಹ್ನ ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕಾಗಿ ಎಂಬತ್ತು ಮಕ್ಕಳನ್ನು ಸಾಲು ನಿಲ್ಲಿಸಿ, ಸಂಜೆ ಸಿಮೆಂಟು ನೆಲದ ಮೇಲೆ ಹಾಸಿದ ವಿನೈಲ್ ಹಾಳೆಯ ಎದ್ದುಬಂದ ಅಂಚಿಗೆ ಮತ್ತೊಮ್ಮೆ ಟೇಪು ಅಂಟಿಸಿ, ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡು ತಾಲೀಮಿಗೆ ಇಳಿಯುವವರು ಇವರು. ತಿಂಗಳಿಗೆ ತಲಾ ಹದಿನೈದು ಸಾವಿರ ಕೊಟ್ಟರೂ ವರ್ಷಕ್ಕೆ 12.6 ಲಕ್ಷವಾಗುತ್ತದೆ, ತಾಲೀಮಿನ ಜಾಗದ ಬಾಡಿಗೆ, ಬೆಳಕು, ಓಡಾಟ ಎಲ್ಲವನ್ನೂ ದುಡಿದೇ ತುಂಬಿಸಬೇಕಾದಾಗ ವಹಿವಾಟು 20 ಲಕ್ಷದ ಗೆರೆ ದಾಟುತ್ತದೆ, ದಾಟಿದ ಮೇಲೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಗೆರೆಯೊಳಗೇ ಇದ್ದುಬಿಟ್ಟರೆ ಈ ತಾಪತ್ರಯವೇ ಇಲ್ಲ. ಸರ್ಕಾರವನ್ನು ಸುಮ್ಮನೆ ದೂರಬಾರದು: ಅದು ಹಸಿದ ನರ್ತಕರನ್ನು ಎಂದೂ ಪೀಡಿಸಿದ್ದಿಲ್ಲ, ಊಟ ಮಾಡಲು ಶುರುಮಾಡಿದವರನ್ನಷ್ಟೇ ವಿಚಾರಿಸಿಕೊಳ್ಳುತ್ತದೆ.

ಈ ತಂಡಕ್ಕೆ ಒಂದು ಕಾಲೇಜಿನ ಉತ್ಸವದಿಂದ ಒಂದು ಲಕ್ಷ ರೂಪಾಯಿಯ ಆಹ್ವಾನ ಬರುತ್ತದೆ ಎನ್ನಿ. ಬಿಲ್ಲಿನಲ್ಲಿ ಹದಿನೆಂಟು ಸಾವಿರ ಹೆಚ್ಚಿಗೆ ಕಂಡ ಕೂಡಲೇ ಸಂಘಟಕರು, "ಎಲ್ಲಾ ಸೇರಿ ಒಂದು ಲಕ್ಷ ತಾನೇ ಮೇಡಂ?" ಎನ್ನುತ್ತಾರೆ. ಎಲ್ಲಾ ಸೇರಿ ಎಂದಾಕ್ಷಣ ಅದರಲ್ಲಿ 15,254 ರೂಪಾಯಿ ತೆರಿಗೆಯ ಪಾಲಾಯಿತು. ಅದೇ ವೇದಿಕೆಯಲ್ಲಿ, ಅದೇ ಸಂಜೆ, ಅಷ್ಟೇ ಸಂಭಾವನೆಗೆ ಭರತನಾಟ್ಯ ಮಾಡಿದ ಕಲಾವಿದೆಯ ಬಿಲ್ಲಿನಲ್ಲಿ ಈ ಸಾಲೇ ಇರುವುದಿಲ್ಲ. ಆಕೆಯ ಬಗ್ಗೆ ಯಾರಿಗೂ ಹೊಟ್ಟೆಕಿಚ್ಚು ಬೇಡ, ಆಕೆಯೂ ನಾಳೆ ಬೆಳಿಗ್ಗೆ ಯಾವುದೋ ಅಪಾರ್ಟ್‌ಮೆಂಟಿಗೆ ಪಾಠಕ್ಕೆ ಹೋಗುವವಳೇ.

ತೊಡಕು ಶುರುವಾಗುವುದು ಇಲ್ಲಿಂದ. ನಮ್ಮ ಸಮಕಾಲೀನ ನರ್ತಕರಲ್ಲಿ ಬಹಳಷ್ಟು ಮಂದಿ ಭರತನಾಟ್ಯವನ್ನೋ ಕಥಕ್ಕನ್ನೋ ಕಲಿತೇ ಬಂದವರು. ನರ್ತಕಿಯೊಬ್ಬಳು ಭರತನಾಟ್ಯದ ರೀತಿಯಲ್ಲಿ ಮೊಣಕಾಲು ಬಾಗಿಸಿ ಅರೆಮಂಡಿಯಲ್ಲಿ ಕುಳಿತು, ಕಾಲು ತಟ್ಟುತ್ತ ತಟ್ಟಡವು ಹಾಕುವಷ್ಟು ಹೊತ್ತು ವಿನಾಯಿತಿಗೆ ಅರ್ಹಳು. ಅದೇ ಅರೆಮಂಡಿಯಿಂದ ನಿಧಾನವಾಗಿ ಪಕ್ಕಕ್ಕೆ ವಾಲಿ, ಭುಜ ನೆಲಕ್ಕೆ ತಾಗಿ, ಉರುಳಿದಳೆಂದರೆ ತೆರಿಗೆ ಆರಂಭ. ಭುಜ ಯಾವ ಕ್ಷಣದಲ್ಲಿ ನೆಲ ಮುಟ್ಟಿತು ಎಂದು ಗುರುತಿಸಲು ಮುಂದಿನ ಸಾಲಿನಲ್ಲಿ, ಮಾಜಿ ಸಚಿವರಿಗೆ ಕಾದಿರಿಸಿದ ಸೋಫಾದ ಪಕ್ಕದಲ್ಲೇ, ಸ್ಟಾಪ್‌ವಾಚ್ ಹಿಡಿದ ಇನ್‌ಸ್ಪೆಕ್ಟರ್ ಒಬ್ಬರನ್ನು ಕೂರಿಸುವುದು ಅನಿವಾರ್ಯ. ಉರುಳಾಟವನ್ನು ಉರುಳುಸೇವೆ ಎಂದು ಬರೆದುಕೊಟ್ಟರೆ ಧಾರ್ಮಿಕ ವಿಧಿಗಳಿಗಿರುವ ಬೇರೆ ವಿನಾಯಿತಿ ಸಿಗಬಹುದೇನೋ, ಆಡಿಟರುಗಳು ಪರಿಶೀಲಿಸಲಿ. ಇನ್ನು ಕೇರಳದ ಸಮರಕಲೆಯಾದ ಕಳರಿಪಯಟ್ಟಿನ ಜಿಗಿತವನ್ನು ನೃತ್ಯವೆನ್ನಬೇಕೋ ಯುದ್ಧವೆನ್ನಬೇಕೋ ಎಂಬುದಕ್ಕೆ ರಕ್ಷಣಾ ಇಲಾಖೆಯ ಅಭಿಪ್ರಾಯವನ್ನೂ ಪಡೆಯುವುದು ಒಳ್ಳೆಯದು.

ಇದು ಜಿಎಸ್‌ಟಿಯ ಸ್ವಂತ ಆವಿಷ್ಕಾರವಲ್ಲ, ಪಿತ್ರಾರ್ಜಿತ. 2012ರಲ್ಲಿ, ಸೇವಾ ತೆರಿಗೆಯ ಕಾಲದಲ್ಲಿ, ಇಲಾಖೆಯೇ ಹೊರತಂದ ಮಾರ್ಗದರ್ಶಿಯಲ್ಲಿ ತೆರಿಗೆಗೆ ಒಳಪಡುವ ಕಲೆಗಳಿಗೆ ಉದಾಹರಣೆಯಾಗಿ ಪಾಶ್ಚಾತ್ಯ ಸಂಗೀತ ಅಥವಾ ನೃತ್ಯ, ಆಧುನಿಕ ರಂಗಭೂಮಿ, ಸಿನಿಮಾ ಮತ್ತು ಧಾರಾವಾಹಿ ನಟನೆಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲಾಗಿತ್ತು. ರಾತ್ರಿ ಕೊನೆಯ ಬಸ್ಸಿಗೆ ಓಡುವ ಹವ್ಯಾಸಿ ನಟನಿಗೂ ಕ್ಯಾರವಾನಿನಿಂದ ಇಳಿಯುವ ತಾರೆಗೂ ಇಷ್ಟು ಸಮಾನ ಗೌರವವನ್ನು ಬೇರೆ ಯಾವ ಇಲಾಖೆಯೂ ಕೊಟ್ಟಿರಲಾರದು.

ಶಾಸ್ತ್ರೀಯದ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದಕ್ಕೂ ಒಂದು ಇತಿಹಾಸವಿದೆ. ಇಂದು ಸಂದೇಹಕ್ಕೆ ಎಡೆಯೇ ಇಲ್ಲದಂತೆ ಶಾಸ್ತ್ರೀಯವಾಗಿರುವ ಭರತನಾಟ್ಯವನ್ನು ಬ್ರಾಹ್ಮಣ ಮನೆತನದ ರುಕ್ಮಿಣೀದೇವಿ 1935ರಲ್ಲಿ ಮದರಾಸಿನಲ್ಲಿ ಪ್ರದರ್ಶಿಸಿದಾಗ, ಅಂಥ ಮನೆತನದ ಹೆಣ್ಣುಮಗಳು ವೇದಿಕೆ ಹತ್ತುವುದೇ ಊರಿಗೆ ದೊಡ್ಡ ಸುದ್ದಿಯಾಗಿತ್ತು. ಅಸ್ಸಾಮಿನ ಸತ್ರಗಳೆಂಬ ವೈಷ್ಣವ ಮಠಗಳಲ್ಲಿ ಶತಮಾನಗಳಿಂದ ನಡೆದುಬಂದ ಸತ್ರೀಯ ನೃತ್ಯಕ್ಕೆ ಸಂಗೀತ ನಾಟಕ ಅಕಾಡೆಮಿಯ ಶಾಸ್ತ್ರೀಯ ಮನ್ನಣೆ ದೊರೆತದ್ದು 2000ದಲ್ಲಿ. ನಮ್ಮವರೇ ಆದ ಶಿವರಾಮ ಕಾರಂತರನ್ನು ತೆಗೆದುಕೊಳ್ಳಿ: ಯಕ್ಷಗಾನದಿಂದ ಮಾತನ್ನು ಕಳಚಿ, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ತಂದು, ಅದನ್ನು ಬ್ಯಾಲೆ ಎಂದು ಕರೆದರು. ಅವರು ಈಗ ಬದುಕಿದ್ದು ನೋಟಿಸು ಕೈಸೇರಿದ್ದರೆ, ಚಂಡೆಯ ಭಾಗಕ್ಕೆ ವಿನಾಯಿತಿ ಕೊಟ್ಟು ಸ್ಯಾಕ್ಸೊಫೋನಿನ ಭಾಗಕ್ಕೆ ಮಾತ್ರ ತೆರಿಗೆ ಹಾಕಿ ಎಂದು ವಿನಯದಿಂದ ಬೇಡಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ; ಉತ್ತರವನ್ನು ಓದಿದ ಅಧಿಕಾರಿ ವರ್ಗಾವಣೆ ಕೇಳುತ್ತಿದ್ದರು ಎಂದೇ ನನ್ನ ಊಹೆ.

ಹಾಗೆಂದು ಕೇಂದ್ರ ಸರ್ಕಾರ ಇಂಥ ತಂಡಗಳನ್ನು ಕೈಬಿಟ್ಟಿದೆ ಎನ್ನಲಾಗದು. ಕಲಾತಂಡಗಳಿಗೆಂದು ಸಂಸ್ಕೃತಿ ಸಚಿವಾಲಯ ಕೊಡುವ ರೆಪರ್ಟರಿ ಅನುದಾನವಿದೆ, ಅದರ ಈಗಿನ ಹೆಸರು ಗುರು-ಶಿಷ್ಯ ಪರಂಪರೆಯ ಉತ್ತೇಜನ ಯೋಜನೆ. ಒಬ್ಬ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಗರಿಷ್ಠ ಹದಿನೆಂಟು ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000ದವರೆಗೆ. ಮೂರು ವರ್ಷದ ಮಗುವಿಗೂ ಅದರಲ್ಲಿ ಶಿಷ್ಯತ್ವದ ದರ ನಿಗದಿಯಾಗಿದೆ. ಮೂರರ ಹಸುಳೆ ಶಿಷ್ಯನಾಗಬಹುದು ಎಂಬುದು ಹೊಳೆದ ಸರ್ಕಾರಕ್ಕೆ, ಮೂವತ್ತೆರಡರ ನರ್ತಕನೊಬ್ಬ ಯಾರ ಶಿಷ್ಯನೂ ಅಲ್ಲದೆ ಬರೀ ಸಹೋದ್ಯೋಗಿಯಾಗಿರಬಹುದು ಎಂಬುದು ಹೊಳೆದಿಲ್ಲ. ಆದ್ದರಿಂದ ಅರ್ಜಿಯ ದಿನ ನಮ್ಮ ತಂಡ ಗುರುಕುಲವಾಗುತ್ತದೆ. ಎಲ್ಲರೂ ಹೆಸರು ಹಿಡಿದು ಏಕವಚನದಲ್ಲೇ ಕೂಗುವ ಸಂಯೋಜಕಿ ಪರಿಶೀಲನೆಯ ಮಧ್ಯಾಹ್ನ ಸೀರೆ ಉಟ್ಟು "ಗುರುಗಳು" ಆಗುತ್ತಾರೆ. ಅವರಿಗಿಂತ ನಾಲ್ಕು ವರ್ಷ ಹಿರಿಯನಾದ ಶಿಷ್ಯ, ನಗು ತಡೆದುಕೊಂಡು, ಕಾಲುಮುಟ್ಟಿ ನಮಸ್ಕರಿಸುತ್ತಾನೆ. ಅಂದು ಅವರಿಬ್ಬರೂ ಅಭಿನಯಿಸುವುದು ಅಪ್ಪಟ ಆಧುನಿಕ ರಂಗಭೂಮಿಯನ್ನೇ, ಅದೂ ಪೂರ್ತಿ ತೆರಿಗೆರಹಿತವಾಗಿ.

ನೋಡುವವರ ವಿಷಯದಲ್ಲಿ ಮಾತ್ರ ಕಾನೂನು ಬಹಳ ಉದಾರಿ. ಟಿಕೆಟು 500 ರೂಪಾಯಿ ಮೀರದಿದ್ದರೆ ಸರ್ಕಸ್ಸಾಗಲಿ, ನೃತ್ಯವಾಗಲಿ, ಬ್ಯಾಲೆಯಾಗಲಿ, ಪ್ರವೇಶಕ್ಕೆ ತೆರಿಗೆ ಇಲ್ಲ. 81ನೇ ನಮೂದಿಗೆ ಬರುವ ಹೊತ್ತಿಗೆ ನೃತ್ಯವೆಂದರೆ ಸುಮ್ಮನೆ ನೃತ್ಯ. ಮೂರೇ ನಮೂದು ಹಿಂದೆ ಅದರ ಗೋತ್ರ, ಪ್ರವರ ಎಲ್ಲವನ್ನೂ ವಿಚಾರಿಸಿದ್ದು ಮರೆತೇಹೋಗಿರುತ್ತದೆ. ಆದರೆ ಪುಟ್ಟ ಸಭಾಂಗಣದ ಟಿಕೆಟಿನ ದುಡ್ಡು ಬಾಡಿಗೆಗೇ ಸರಿಹೋಗುವುದರಿಂದ ತಂಡ ಮತ್ತೆ ಕಾಲೇಜಿನ ಸಂಘಟಕರ ಬಾಗಿಲಿಗೇ ಬರಬೇಕು.

ಸಂಘಟಕರೂ ಸಹೃದಯರೇ. "ಒಂದು ಕೆಲಸ ಮಾಡಿ ಮೇಡಂ, ಕೊನೆಗೆ ಐದು ನಿಮಿಷ ಡೊಳ್ಳು ಸೇರಿಸಿ, ಬಿಲ್ಲಿನಲ್ಲಿ ಜಾನಪದ ನೃತ್ಯ ಅಂತ ಬರೆದುಬಿಡಿ" ಎಂದು ದಾರಿ ತೋರಿಸುತ್ತಾರೆ. ಡೊಳ್ಳಿನವರನ್ನು ಕರೆಸಲು ಹಣ ಸಾಲದೆ ಸಂಯೋಜಕಿ ಡೊಳ್ಳಿನ ಧ್ವನಿಮುದ್ರಣವೊಂದನ್ನು ಕೊಂಡು ತರುತ್ತಾಳೆ, ಆ ಖರೀದಿಯ ಮೇಲೆ ಶೇ. 18 ತೆರಿಗೆ. ಅದನ್ನಾದರೂ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು ಹೊಂದಿಸಿಕೊಳ್ಳಬಹುದೇ ಎಂದು ಆಡಿಟರನ್ನು ಕೇಳಿದರೆ, "ಧಾರಾಳವಾಗಿ ಹೊಂದಿಸಿಕೊಳ್ಳಬಹುದಮ್ಮ, ಆದರೆ ವಿನಾಯಿತಿ ಇರುವ ಪ್ರದರ್ಶನಕ್ಕೆ ಕ್ರೆಡಿಟ್ ಬರುವುದಿಲ್ಲ, ಹಾಗಾಗಿ ನಿಮ್ಮದು ಜಾನಪದ ಆಗಿರಬಾರದು ಅಷ್ಟೇ" ಎನ್ನುತ್ತಾರೆ.